ಸಿಗ್ನಲ್ ಸಿಗದ ಜಾಗ

ನನ್ನ ಬಾಯಿಗೆ ಬೀಗವಿಲ್ಲ ಎಂದು ಅಮ್ಮ ಮೊದಲಿನಿಂದಲೂ ಬೈಯುತ್ತಿದ್ದಳು. ಆ ಬಾಯಿಯಿಂದಲೇ ಹದಿನಾಲ್ಕು ವರ್ಷ ಅನ್ನ ದುಡಿದಿದ್ದೇನೆ. ಎಲೆಕ್ಟ್ರಾನಿಕ್ಸ್ ಅಂಗಡಿಯ ಎರಡನೇ ಮಹಡಿಯಲ್ಲಿ ಟಿವಿ ಮಾರುವವಳು ನಾನು. ಸುಮ್ಮನೆ ನೋಡಿಕೊಂಡು ಹೋಗೋಣ ಎಂದು ಬಂದವರೂ ಬಿಲ್ ಮಾಡಿಸಿಕೊಂಡೇ ಇಳಿಯಬೇಕು. ಹಾಗಿರುವಾಗ ತಂಗಿಯ ಗಂಡ ಫೋನ್ ಮಾಡಿ, ಹೊಸ ಫ್ಲ್ಯಾಟಿಗೆ ಬೇಕಾದ್ದೆಲ್ಲ ನಿಮ್ಮಲ್ಲೇ ತಗೊಳ್ತೀವಿ ಎಂದಾಗ ಹಿಗ್ಗಿ ಹೀರೇಕಾಯಿಯಾದೆ.

ಅವರ ಮದುವೆಯಾಗಿ ಎಂಟು ತಿಂಗಳಾಗಿತ್ತು. ಔಷಧಿ ಅಂಗಡಿಯ ಕೆಲಸ ಬಿಟ್ಟು ತಂಗಿ ಮನೆಯಲ್ಲೇ ಇದ್ದಳು. ನಾನು ಯಾವಾಗ ಫೋನ್ ಮಾಡಿದರೂ ಸ್ಪೀಕರ್ ಹಾಕಿ, "ಇವರೂ ಇದ್ದಾರೆ ಅಕ್ಕ, ಕೇಳಿಸ್ಕೋತಿದ್ದಾರೆ" ಎನ್ನುತ್ತಿದ್ದಳು. ಹೊಸ ಜೋಡಿ, ಅಂಟಿಕೊಂಡೇ ಇರ್ತಾರೆ ಎಂದು ನಾನು ಅಮ್ಮನ ಹತ್ತಿರ ನಗುತ್ತಿದ್ದೆ. ಅವನು ದನಿ ಎತ್ತಿ ಮಾತಾಡಿದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವನು.

ಅಂಗಡಿಗೆ ಬಂದವನು ಟಿವಿಗಳ ಮುಂದೆ ಕೈಕಟ್ಟಿ ನಿಂತ. ಬಣ್ಣ ಹೇಗೆ, ಸದ್ದು ಹೇಗೆ ಎಂದು ಕೇಳಲಿಲ್ಲ.

"ಅಕ್ಕ, ಇದರಲ್ಲಿ ಯಾರು ಎಷ್ಟು ಹೊತ್ತು ಏನು ನೋಡಿದ್ರು ಅಂತ ನನ್ನ ಫೋನಲ್ಲಿ ಗೊತ್ತಾಗುತ್ತಾ?"

ಗೊತ್ತಾಗುತ್ತೆ ಎಂದೆ. ಆ ಟಿವಿಯನ್ನೇ ತಗೊಂಡ. ಆಮೇಲೆ ಕೋಣೆಗೊಂದು ಕ್ಯಾಮೆರಾ ಬೇಕೆಂದ, ಮಾತೂ ಕೇಳಿಸುವಂಥದ್ದು. "ಕಳ್ಳಕಾಕರ ಕಾಟ ನೋಡಿ" ಎಂದ. ಏಳನೇ ಮಹಡಿಗೆ ಕಳ್ಳ ರೆಕ್ಕೆ ಕಟ್ಕೊಂಡು ಬರ್ತಾನಾ ಎಂದು ನಾನು ನಕ್ಕೆ. ನಗುತ್ತಲೇ ಬಿಲ್ಲಿಗೆ ಐದು ಕ್ಯಾಮೆರಾ ಸೇರಿಸಿದೆ. ಒಂದು ಕೆಟ್ಟರೆ ಇರಲಿ ಎಂದು ಆರನೆಯದನ್ನೂ ದಾಟಿಸಿದೆ.

ಅವನು ಇಂಟರ್ನೆಟ್ಟಿನ ಫಾರಂ ತುಂಬುತ್ತಿದ್ದಾಗ ತಂಗಿ ವಾಷಿಂಗ್ ಮಷೀನುಗಳ ಸಾಲಿನ ಹಿಂದೆ ನನ್ನ ಸೆರಗು ಜಗ್ಗಿದಳು.

"ಅಕ್ಕ, ಮನೆಯೊಳಗೆ ಈ ಸಿಗ್ನಲ್ ಸಿಗದೇ ಇರೋ ಜಾಗ ಎಲ್ಲಾದ್ರೂ ಇರುತ್ತಾ?"

ದಿನಕ್ಕೆ ಹತ್ತು ಗಿರಾಕಿಗಳು ಕೇಳುವ ಪ್ರಶ್ನೆ. ನನ್ನ ನಾಲಿಗೆಯ ತುದಿಯಲ್ಲೇ ಉತ್ತರವಿತ್ತು. "ಗೋಡೆ ದಪ್ಪ ಇದ್ರೆ ಇರುತ್ತೆ. ನೀನು ತಲೆ ಕೆಡಿಸ್ಕೋಬೇಡ, ಒಂದು ಗೇಣು ಜಾಗವನ್ನೂ ನಾನು ಬಿಡಲ್ಲ. ಸಿಗ್ನಲ್ ಹೆಚ್ಚಿಸೋ ಬೂಸ್ಟರ್ ನನ್ನ ಕಡೆಯಿಂದ, ಹೊಸ ಮನೆಗೆ ಉಡುಗೊರೆ." ಅವಳು ಏನೋ ಹೇಳಲು ಹೋಗಿ ಗಂಡನ ಕಡೆ ನೋಡಿ ನನ್ನ ಸೆರಗು ಬಿಟ್ಟಳು. ನಾನು ಬೂಸ್ಟರ್ ತರಲು ಗೋದಾಮಿಗೆ ಹೋದೆ.

ಜೋಡಿಸುವ ದಿನ ಅಂಗಡಿಯ ಫಿಟ್ಟರ್ ಜೊತೆ ನಾನೂ ಹೋದೆ. ತಲೆ ನರೆತ, ಕೆಲಸದಲ್ಲಿ ಅಚ್ಚುಕಟ್ಟಾದ ಮನುಷ್ಯ. ಮಧ್ಯಾಹ್ನದ ಹೊತ್ತಿಗೆ ಟಿವಿ ಗೋಡೆಗೇರಿತ್ತು. ಹಾಲ್, ಅಡುಗೆಮನೆ, ಎರಡು ಮಲಗುವ ಕೋಣೆ, ಮುಂಬಾಗಿಲು, ಐದೂ ಕಡೆ ಕ್ಯಾಮೆರಾ ಕೂತಿತ್ತು. ತಂಗಿ ಎಲ್ಲಿ ನಡೆದರೂ ಒಂದಲ್ಲ ಒಂದು ಅವಳ ಕಡೆ ತಿರುಗುತ್ತಿತ್ತು. ಅವಳು ಮಾತ್ರ ಪರೀಕ್ಷೆಗೆ ಕೂತವಳ ಹಾಗೆ ತಲೆ ಬಗ್ಗಿಸಿಯೇ ಓಡಾಡುತ್ತಿದ್ದಳು. ನನಗೆ ಯಾಕೋ ಇರುಸುಮುರುಸಾಯಿತು, ಆದರೂ ಕೆಲಸ ಮುಗಿಸುವ ಗಡಿಬಿಡಿ.

ಸಿಗ್ನಲ್ ಅಳೆಯುತ್ತ ಅಡುಗೆಮನೆಯ ಹಿಂದಿನ ಬಾಲ್ಕನಿಗೆ ಹೋದೆ. ಬಟ್ಟೆ ಒಗೆಯುವ ಜಾಗ. ಫೋನಿನಲ್ಲಿ ಒಂದು ಗೆರೆಯೂ ಇಲ್ಲ. ಗೆದ್ದವಳ ಹಾಗೆ ಕೂಗಿದೆ.

"ಸಿಕ್ತು ನೋಡೇ, ಅವತ್ತು ನೀನು ಕೇಳಿದ ಜಾಗ."

ಅವಳಿಗಿಂತ ಮೊದಲು ಅವನು ಬಂದ. "ಏನು ಕೇಳಿದ್ಲು ಅಕ್ಕ?"

"ಮನೇಲಿ ಸಿಗ್ನಲ್ ಎಲ್ಲಿ ಸಿಗಲ್ಲ ಅಂತ. ಅಂಗಡೀಲೇ ಕೇಳಿದ್ಲು. ಎಷ್ಟು ಮುಂದಾಲೋಚನೆ ನೋಡಿ ನಿಮ್ಮ ಹೆಂಡ್ತಿಗೆ."

"ಹೌದಾ," ಎಂದ. ನಕ್ಕ. "ನನ್ನ ಹತ್ರ ಹೇಳೇ ಇರಲಿಲ್ಲ. ನೀವು ಹೇಳಿದ್ದು ಒಳ್ಳೇದಾಯ್ತು."

ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಆಗ ನಾನು ಬಾಲ್ಕನಿಯನ್ನು ಸರಿಯಾಗಿ ನೋಡಿದೆ. ಒಣಹಾಕಿದ ಬೆಡ್‌ಶೀಟಿನ ಮರೆಯಲ್ಲಿ ಎರಡು ಸ್ಟೂಲು, ಎದುರುಬದುರು. ಒಂದು ಅವಳಿಗೆ, ಇನ್ನೊಂದು ನನಗೆ, ಯಾರಿಗೂ ಕೇಳಿಸದ ಹಾಗೆ ಮಾತಾಡಲು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಸಾವಿರ ಸಲ ಹೇಳಿದ್ದಳು.

"ಇಲ್ಲಿ ಬೂಸ್ಟರ್ ಕೆಲಸ ಮಾಡಲ್ಲ ಅನ್ಸುತ್ತೆ," ಎಂದೆ. "ಗೋಡೆ ತುಂಬಾ ದಪ್ಪ."

"ಯಾಕೆ ಮಾಡಲ್ಲ ಮೇಡಂ," ಎಂದ ಫಿಟ್ಟರ್. ಪಾಪ, ಅವನಿಗೇನು ಗೊತ್ತು. ವಾಷಿಂಗ್ ಮಷೀನಿನ ಪಕ್ಕದ ಪಾಯಿಂಟಿಗೆ ಬೂಸ್ಟರ್ ಚುಚ್ಚಿದ. ಹಸಿರು ದೀಪ ಹತ್ತಿತು. ನಾನೇ ಮಾರಿದ ಆರನೇ ಕ್ಯಾಮೆರಾವನ್ನು ತಂಗಿಯ ಗಂಡ ತಾನೇ ತಂದುಕೊಟ್ಟ. ಐದು ನಿಮಿಷದಲ್ಲಿ ಅದೂ ಗೋಡೆಗೇರಿತು. ಗಂಡಸರಿಬ್ಬರೂ ಹಾಲ್ ಕಡೆ ಹೋದರು.

ಎಂಟು ತಿಂಗಳಲ್ಲಿ ಮೊದಲ ಸಲ ನಾವಿಬ್ಬರೇ ಇದ್ದೆವು, ಇಬ್ಬರೇ ಎನ್ನುವ ಹಾಗಿದ್ದರೆ.

"ಏನಾಯ್ತೇ? ನನಗೆ ಏನು ಹೇಳಬೇಕಿತ್ತು?"

ಅವಳು ಕ್ಯಾಮೆರಾ ನೋಡಿದಳು. "ಏನೂ ಇಲ್ಲ ಅಕ್ಕ. ಊಟ ಮಾಡ್ಕೊಂಡು ಹೋಗು." ಪಾಠ ಒಪ್ಪಿಸುವ ದನಿ ಅದು. ನನಗೆ ಸಿಟ್ಟು ಬಂತು, ಅವನ ಮೇಲಲ್ಲ, ಹದಿನಾಲ್ಕು ವರ್ಷ ಯಾರ ಮನೆಗೆ ಏನು ಯಾಕೆ ಬೇಕು ಎಂದು ಕೇಳದೆ ಮಾರಿದ ನನ್ನ ಮೇಲೆ. ಬಗ್ಗಿ ಬೂಸ್ಟರನ್ನು ಪಾಯಿಂಟಿನಿಂದ ಕಿತ್ತೆ. ಹಸಿರು ದೀಪ ಆರಿತು. ಕ್ಯಾಮೆರಾ ಸತ್ತರೆ ಯಜಮಾನನ ಫೋನಿಗೆ ಸುದ್ದಿ ಹೋಗುತ್ತದೆ, ಅರ್ಧ ನಿಮಿಷವೂ ಹಿಡಿಯುವುದಿಲ್ಲ.

"ಬೇಗ ಹೇಳು."

ಅವಳು ನನ್ನ ಎರಡೂ ಕೈ ಹಿಡಿದಳು.

"ನನ್ನನ್ನ ಕರ್ಕೊಂಡು ಹೋಗು ಅಕ್ಕ. ಇವತ್ತೇ. ನೀನೊಬ್ಬಳೇ ವಾಪಸ್ ಹೋದ್ರೆ ಇನ್ನೊಂದ್ಸಲ ನಾನು ನಿನಗೆ ಸಿಗಲ್ಲ."

ಹಾಲ್ ಕಡೆಯಿಂದ ಅವನ ಫೋನು ಕುಂಯ್ ಎಂದಿತು. ನಾನು ಗಟ್ಟಿಯಾಗಿ ಕೂಗಿದೆ. "ಫಿಟ್ಟರೇ, ಹೊರಡಬೇಡಿ, ಸ್ವಲ್ಪ ಇಲ್ಲಿ ಬನ್ನಿ."

"ಅವರನ್ನ ಆಗಲೇ ಕಳಿಸಿಬಿಟ್ಟೆ ಅಕ್ಕ."

ಬಾಲ್ಕನಿಗೂ ಅಡುಗೆಮನೆಗೂ ನಡುವಿನ ಬಾಗಿಲಲ್ಲಿ ಅವನು ನಿಂತಿದ್ದ. ದನಿ ಅದೇ ಬೆಣ್ಣೆಯಂಥದ್ದು. ನನ್ನ ಕೈಯಲ್ಲಿದ್ದ ಬೂಸ್ಟರ್ ನೋಡಿದ, ಆಮೇಲೆ ತಂಗಿಯನ್ನು ನೋಡಿದ.

"ದಾರಿ ಬಿಡಿ," ಎಂದೆ. "ನನ್ನ ತಂಗಿ ನನ್ನ ಜೊತೆ ಬರ್ತಿದ್ದಾಳೆ."

"ಬರಲಿ ಅಕ್ಕ, ಯಾರು ಬೇಡ ಅಂದ್ರು," ಎಂದ.

ನಾನು ಅವಳ ಕೈ ಬಿಡಲಿಲ್ಲ. ಅವನು ಬಾಗಿಲಿಂದ ಸರಿಯಲಿಲ್ಲ.