ಕಲ್ಲುಪುಡಿಯ ಗಂಡಸರು

ಉಡಿಗಾಲದ ಮಾದಮ್ಮ ಚಾಮರಾಜನಗರದಲ್ಲಿ ರೈಲು ಹತ್ತಿ, ಮೈಸೂರಿನಲ್ಲಿ ಬದಲಿಸಿ ಬೆಂಗಳೂರಿಗೆ ಬಂದದ್ದು ಗಂಡನಿಂದ ಒಂದು ಮಾತು ಪಡೆಯಲು. ಮಗಳನ್ನು ಕೇಳಿದ ಗುಂಡ್ಲುಪೇಟೆಯವರು, ಅಪ್ಪ ಒಪ್ಪದೆ ವೀಳ್ಯ ಮುಟ್ಟುವುದಿಲ್ಲ ಎಂದಿದ್ದರು. ಸೋಮವಾರ ಬರುವವರಿದ್ದರು. ಅಪ್ಪ ಕೆರೆ ನೀರಿನ ಜಗಳದಲ್ಲಿ ಒಬ್ಬನನ್ನು ಹೊಡೆದು ಕೊಂದು ಐದು ವರ್ಷದಿಂದ ಜೈಲಿನಲ್ಲಿದ್ದ.

ಕೈದಿಗಳು ಸರ್ಕಾರದ ಹೊಸ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ ಎಂದರು ಜೈಲಿನ ಬಾಗಿಲಲ್ಲಿ. ಕೇಳಿಕೊಂಡು ನಡೆದಳು. ಮರಗಳ ನಡುವೆ ಕೆಂಪು ಕಚೇರಿ ಉದ್ದಕ್ಕೆ ಮಲಗಿತ್ತು. ಅದರ ಕಂಬಗಳನ್ನು ಎಣಿಸುತ್ತ ಹೋದಳು, ಮುಗಿಯಲಿಲ್ಲ. ಕಡತ ಹೊತ್ತ ಜವಾನರು ಒಂದು ಬಾಗಿಲಿಂದ ಸದ್ದಿಲ್ಲದೆ ಹೊರಬಂದು ಇನ್ನೊಂದರೊಳಗೆ ಕರಗುತ್ತಿದ್ದರು. ಎದುರಿಗೆ, ಇನ್ನೂ ಸೂರಿಲ್ಲದ ಕಲ್ಲಿನ ಕಟ್ಟಡ. ಗೋಡೆಗೆ ಕಟ್ಟಿದ ಮರದ ಸಾರುವೆಯ ಮೇಲೆ ಜನ ತೇಲುತ್ತಿದ್ದಂತೆ ಕಂಡಿತು. ಕೆಳಗೆ ನೂರಾರು ಉಳಿಗಳ ಟಿಣ್‌ಟಿಣ್, ಕಲ್ಲುಪುಡಿಯ ಮಂಜು. ಅದರೊಳಗೆ ಕೂತ ಗಂಡಸರಿಗೆಲ್ಲ ತಲೆ ಬಿಳಿ, ರೆಪ್ಪೆ ಬಿಳಿ, ಮುಖ ಒಂದೇ.

ಕಾವಲಿನ ಗೋವಿಂದಯ್ಯ ಅಡ್ಡ ಬಂದ. “ಯಾರಮ್ಮ ಬೇಕು?”

“ನನ್ ಗಂಡ ಕಣ್ ಬುದ್ದಿ.”

“ಇಲ್ಲಿರೋರೆಲ್ಲ ಯಾರಿಗಾದ್ರೂ ಗಂಡಂದಿರೇ. ನಂಬರೆಷ್ಟು?”

“ಗೊತ್ತಿಲ್ಲ.”

“ಹೆಸರು?”

ಮಾದಮ್ಮ ನೆಲ ನೋಡಿದಳು. ಗಂಡನ ಹೆಸರನ್ನು ಅವಳು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ. “ನಮ್ ಪುಟ್ಟಸಿದ್ದಿ ಅಪ್ಪ.”

“ಸರಿಹೋಯ್ತು! ರಿಜಿಸ್ಟರಲ್ಲಿ ಪುಟ್ಟಸಿದ್ದಿ ಅಪ್ಪ ಅಂತ ಬರ್ಕೊಂಡಿದೀವಾ? ಇನ್ನು ಅರ್ಧ ಗಂಟೆಗೆ ಲಾರಿ ಬರುತ್ತೆ. ಆಮೇಲೆ ನಿನ್ ಗಂಡನೂ ಇಲ್ಲ, ನಾನೂ ಇಲ್ಲ.”

ಮಾದಮ್ಮ ಸೆರಗನ್ನು ಬಾಯಿಗೆ ಒತ್ತಿ, ತೆಗೆದು, ಕೂಗಿದಳು: “ಕೆಂಪಯ್ಯಾ!”

ಮೂವರು ತಿರುಗಿದರು. ಯಾರೂ ಅವನಲ್ಲ. ಅವಳ ದನಿಯಲ್ಲಿ ತನ್ನ ಹೆಸರನ್ನು ಅವನು ಕೇಳಿರಲೇ ಇಲ್ಲ.

“ಆಯ್ತಾ? ಹೊರಡು.”

ಅವಳು ಕದಲಲಿಲ್ಲ. ಹೊಲದ ಬದುವಿನಲ್ಲಿ ನಿಂತವಳಂತೆ ಸೊಂಟಕ್ಕೆ ಕೈಯಿಟ್ಟು, ಕತ್ತು ಎತ್ತಿ ಕೂಗಿದಳು: “ಓಯ್! ಇಟ್ಟು ಆರೋಯ್ತದೆ, ಬಾ!”

ಕೈದಿಗಳು ನಕ್ಕರು. “ನಮ್ಗೂ ಒಂದ್ ಮುದ್ದೆ ಮಡ್ಗವ್ವ!” ಎಂದ ಒಬ್ಬ. ದೂರದಲ್ಲಿ ಒಂದು ಉಳಿ ನಿಂತಿತು. ಪುಡಿ ಮೆತ್ತಿದ ಒಬ್ಬಾತ, ನಿಜವಾಗಿಯೂ ಊಟಕ್ಕೆ ಹೊರಟವನಂತೆ, ಎದ್ದು ನಿಂತ.

“ಗಂಡು ಗುಂಡ್ಲುಪೇಟೆ ಚಿಕ್ಕಮಾದು! ಲಾರಿ ಕಿಲೀನರು! ಸಿದ್ದಿಯ ಕೊಟ್ಬುಡನಾ?” ಮಾದಮ್ಮ ಒಂದೇ ಉಸಿರಿಗೆ ಕೂಗಿದಳು.

“ಕೈದಿ ಜತೆ ಮಾತಾಡಂಗಿಲ್ಲ!” ಗೋವಿಂದಯ್ಯ ದೊಣ್ಣೆ ಎತ್ತಿದ.

ಕೆಂಪಯ್ಯ ಮಾದಮ್ಮನನ್ನೇ ನೋಡುತ್ತ ನಿಂತ. ಆಮೇಲೆ ಆಗಲಿ ಎಂದು ಮೂರು ಸಲ ಜೋರಾಗಿ ತಲೆಯಾಡಿಸಿದ. ಪುಡಿ ಉದುರಿದ ಕಡೆ ಕೂದಲು ಇನ್ನೂ ಕಪ್ಪಾಗಿತ್ತು.