ಡ್ವೇನನ ಪಾಳುಬಾವಿ

ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಡ್ವೇನ್ ಬ್ರಾಂಡ್ವೊಲ್ಡ್ ಬರೆದ ಸ್ಕ್ರಿಪ್ಟುಗಳು, ಅಂದರೆ ಯಂತ್ರಕ್ಕೆ ಕೊಡುವ ಕಮಾಂಡುಗಳ ಪಟ್ಟಿಗಳು, ಎಂದೂ ದೂರು ಹೇಳಿದ್ದಿಲ್ಲ. ಹೇಳುವುದಕ್ಕೆ ಅವನು ಬಿಟ್ಟರೆ ತಾನೆ. ಪ್ರತಿ ಕಮಾಂಡಿನ ಬಾಲಕ್ಕೂ ಅವನು ಒಂದು ಪುಟ್ಟ ಮಂತ್ರ ಕಟ್ಟುತ್ತಿದ್ದ. ತಪ್ಪಿನ ಸಂದೇಶ ಬಂದರೆ ಅದು ಪರದೆಗೂ ಬರಬಾರದು, ಫೈಲಿಗೂ ಹೋಗಬಾರದು. ಯಂತ್ರದೊಳಗೊಂದು ಪಾಳುಬಾವಿಯಿದೆ, ಅಲ್ಲಿಗೆ ಬೀಳಬೇಕು. ಬಿದ್ದದ್ದು ಮತ್ತೆ ಮೇಲೆ ಬರುವುದಿಲ್ಲ. ಒಳಗೆ ಏನೇ ಅನಾಹುತವಾಗಿರಲಿ, ಸ್ಕ್ರಿಪ್ಟಿನ ಕೊನೆಯ ಸಾಲು ಮಾತ್ರ 'ಎಲ್ಲ ಕ್ಷೇಮ' ಎಂದು ಮುದ್ರಿಸುತ್ತಿತ್ತು. ಅಮೆರಿಕದ ಉತ್ತರ ಮಿನೆಸೋಟಾದಲ್ಲಿ ಸರೋವರಗಳ ಲೆಕ್ಕವಿಡುವ ಆ ಕಚೇರಿಯ ಮೇಲಧಿಕಾರಿಗಳಿಗೆ ಹನ್ನೊಂದು ವರ್ಷದಿಂದ ಪ್ರತಿ ಬೆಳಿಗ್ಗೆ ಈ ಕ್ಷೇಮಸಮಾಚಾರ ತಲುಪುತ್ತಿತ್ತು. ಅವರು ಸಂತೋಷಪಟ್ಟು ಡ್ವೇನನಿಗೆ ಗೋಡೆಗೆ ತೂಗುಹಾಕುವ ಒಂದು ಫಲಕವನ್ನೂ ಕೊಟ್ಟಿದ್ದರು.

ಅದೇ ಕಚೇರಿಯಲ್ಲಿ ಆರ್ಲಿಸ್ ಹೌಗೆನ್ ಇದ್ದಳು. ಅರವತ್ತೆರಡರ ಹೆಂಗಸು. ಇಪ್ಪತ್ತೇಳು ಸರೋವರಗಳಲ್ಲಿ ಯಾವ ವರ್ಷ ಎಂದು ಹಿಮ ಕಟ್ಟಿತು, ಎಂದು ಒಡೆಯಿತು ಎಂಬ ನೂರಮೂವತ್ತು ವರ್ಷಗಳ ದಾಖಲೆಯನ್ನು ಹಳೆಯ ದಫ್ತರಗಳಿಂದ ತೆಗೆದು, ಮೂರು ಚಳಿಗಾಲ ಕೂತು, ಒಂದೇ ಫೈಲಿಗೆ ಟೈಪು ಮಾಡಿದ್ದಳು. ಮೂರೂವರೆ ಸಾವಿರ ಸಾಲು. ಟೈಪು ಮುಗಿದದ್ದೇ ತಡ, ಡ್ವೇನ್ ದಫ್ತರಗಳನ್ನು ಚೂರು ಮಾಡುವ ಯಂತ್ರಕ್ಕೆ ತಿನ್ನಿಸಿದ. ಕಾಗದವೆಲ್ಲ ಹಳೇ ಕಾಲದ ಕಸ ಎಂಬುದು ಅವನ ವೇದಾಂತ.

ಆರ್ಲಿಸಳಿಗೆ ಒಂದು ಕೆಟ್ಟ ಚಾಳಿಯಿತ್ತು. ಸೋಮವಾರ ಬಂತೆಂದರೆ ಇಡೀ ಫೈಲನ್ನು ಪರದೆಯ ಮೇಲೆ ಸುರಿದುಕೊಂಡು ತಲೆಯಿಂದ ಬುಡದವರೆಗೆ ಕಣ್ಣಾಡಿಸುವಳು. ಆಮೇಲೆ ಆ ಕಿಟಕಿ ಮುಚ್ಚುವಳಲ್ಲ. ಹೀಗೆ ಹನ್ನೊಂದು ಕಿಟಕಿ ಒಂದರ ಮೇಲೊಂದು ಬಿದ್ದಿದ್ದವು. ಡ್ವೇನ್ ಅದನ್ನು ಮ್ಯೂಸಿಯಂ ಎನ್ನುತ್ತಿದ್ದ. ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಯಂತ್ರಗಳೂ ಮರುಚಾಲನೆಯಾಗುತ್ತವೆ, ದಯವಿಟ್ಟು ಮ್ಯೂಸಿಯಂ ಖಾಲಿ ಮಾಡಿ ಎಂದು ಕಚೇರಿಗೆಲ್ಲ ಕಾಣುವಂತೆ ಬರೆದಿದ್ದ. ಎಲ್ಲರೂ ನಕ್ಕಿದ್ದರು.

ಅದೇ ಮಂಗಳವಾರ ಒಂದು ಗಂಟೆಗೆ ರಾಜ್ಯ ಕಚೇರಿಯವರು ಆ ಫೈಲನ್ನು ಪಡೆದುಕೊಳ್ಳಲು ಬರುವವರಿದ್ದರು. ಬೆಳಿಗ್ಗೆ ಡ್ವೇನನಿಗೆ ಅದನ್ನು ಇನ್ನಷ್ಟು ಸಿಂಗರಿಸುವ ಉಮೇದು ಬಂತು. ಸರೋವರಗಳ ಹೆಸರು ಅಕಾರಾದಿಯಾಗಿ ನಿಲ್ಲಲಿ ಎಂದು ಒಂದೇ ಸಾಲಿನ ಕಮಾಂಡು ಬರೆದ: ಈ ಫೈಲನ್ನು ಓದು, ಜೋಡಿಸು, ಬಂದದ್ದನ್ನು ಇದೇ ಫೈಲಿಗೆ ಸುರಿ. ಆದರೆ ಕಮಾಂಡುಗಳನ್ನು ನಡೆಸಿಕೊಡುವ ಶೆಲ್ ಎಂಬ ತಂತ್ರಾಂಶ ಬಹಳ ಮಡಿವಂತ. ಔಟ್‌ಪುಟ್ ಸುರಿಯಬೇಕಾದ ಪಾತ್ರೆಯನ್ನು ಮೊದಲು ತೊಳೆದಿಟ್ಟು, ಆಮೇಲೆಯೇ ಅಡುಗೆಯವರನ್ನು ಕರೆಯುತ್ತದೆ. ಪಾತ್ರೆಯೂ ಅದೇ, ಅಕ್ಕಿಯಿದ್ದದ್ದೂ ಅದರಲ್ಲೇ. ಜೋಡಿಸುವ ಕಮಾಂಡು ಬಂದು ನೋಡಿದಾಗ ಫೈಲಿನಲ್ಲಿ ಒಂದಕ್ಷರವೂ ಇರಲಿಲ್ಲ. ಅದು ಶೂನ್ಯವನ್ನೇ ಅಕಾರಾದಿಯಾಗಿ ಜೋಡಿಸಿ, ಕೈತೊಳೆದುಕೊಂಡು ಹೋಯಿತು.

ಎಲ್ಲ ಕ್ಷೇಮ, ಎಂದಿತು ಪರದೆ.

ಹನ್ನೊಂದೂವರೆಗೆ ಫೈಲು ತೆರೆದ ಡ್ವೇನ್ ಗಾಬರಿಯಾಗಲಿಲ್ಲ. ದಿನವೂ ಪ್ರತಿ ತೆಗೆದಿಡುವ ಸ್ಕ್ರಿಪ್ಟು ಇತ್ತಲ್ಲ, ಅವನದೇ ಕೈಚಳಕ. ಹೋಗಿ ನೋಡಿದರೆ ಪ್ರತಿಗಳನ್ನಿಡುವ ಡಿಸ್ಕು ಅಕ್ಟೋಬರಿನಲ್ಲೇ ಕಣ್ಣುಮುಚ್ಚಿತ್ತು. ಈಗ ಏಪ್ರಿಲ್. ಆರು ತಿಂಗಳು ಅದು ದಿನಕ್ಕೊಮ್ಮೆ ಗೋಳಾಡಿತ್ತು. ಗೋಳೆಲ್ಲ ಪಾಳುಬಾವಿ ಸೇರಿತ್ತು. ಈಗ ಗಾಬರಿಯಿಂದ ಮರುಚಾಲನೆಯನ್ನು ರದ್ದುಮಾಡಿದ. ಆಮೇಲೆ ಮ್ಯೂಸಿಯಂ ನೆನಪಾಯಿತು; ಫೈಲು ಅಳಿದರೂ ಕಿಟಕಿಯಲ್ಲಿ ಸುರಿದದ್ದು ಮುಚ್ಚುವವರೆಗೆ ಹಾಗೇ ಇರುತ್ತದೆ. ಅದನ್ನು ಖಾಲಿ ಮಾಡಿ ಎಂದು ತಾನೇ ಅಪ್ಪಣೆ ಕೊಟ್ಟದ್ದೂ ನೆನಪಾಯಿತು. ಎದ್ದು ಓಡಿದ.

ಆರ್ಲಿಸ್ ಮೌಸ್ ಹಿಡಿದು ಕೂತಿದ್ದಳು. ಪಕ್ಕದ ತಟ್ಟೆಯಲ್ಲಿ ಮನೆಯಲ್ಲಿ ಮಾಡಿ ತಂದ ನಿಂಬೆಹುಳಿಯ ಸಿಹಿ ತುಂಡುಗಳಿದ್ದವು.

"ಆರ್ಲಿಸ್, ಕಿಟಕಿಗಳನ್ನ ಮುಚ್ಚಿಬಿಟ್ರಾ?"

"ಮುಚ್ತಾ ಇದೀನಪ್ಪ. ಹಳೇದರಿಂದ ಶುರು ಮಾಡ್ದೆ, ಹತ್ತಾಯ್ತು. ನಿನ್ನೇದೊಂದಿದೆ." ಬಾಣದ ಗುರುತು ಆ ಕಿಟಕಿಯ ಮೂಲೆಯಲ್ಲೇ ನಿಂತಿತ್ತು.

"ಅದು ಹಾಗೇ ಇರ್ಲಿ. ಸುಮ್ನೆ ಒಂದು ಪರೀಕ್ಷೆ ಮಾಡ್ಬೇಕಿತ್ತು."

"ಏನಾದ್ರೂ ಆಯ್ತಾ?"

"ಛೇ ಛೇ, ಎಲ್ಲ ಸರಿಯಾಗೇ ಇದೆ."

"ಸರಿಯಾಗಿದ್ರೆ ಮುಚ್ತೀನಿ ಬಿಡು. ಹನ್ನೆರಡಾಗ್ತಾ ಬಂತು."

ಹನ್ನೊಂದು ವರ್ಷದಲ್ಲಿ ಡ್ವೇನನ ಬಾಯಿಂದ ಒಂದೂ ತಪ್ಪೊಪ್ಪಿಗೆ ಹೊರಬಂದಿರಲಿಲ್ಲ; ಬರುವ ದಾರಿಯೇ ಅದಕ್ಕೆ ಗೊತ್ತಿರಲಿಲ್ಲ.

"ಮುಚ್ಬೇಡಿ," ಎಂದ. "ಫೈಲು ಹೋಯ್ತು. ನಾನೇ ಅಳಿಸಿದೆ. ಪ್ರತಿಗಳೂ ಇಲ್ಲ. ನಿಮ್ಮ ಮೂರು ಚಳಿಗಾಲ ಈಗ ಇರೋದು ಆ ಕಿಟಕೀಲಿ ಮಾತ್ರ."

ಆರ್ಲಿಸ್ ಅವನ ಮುಖವನ್ನೊಮ್ಮೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಕಿಟಕಿಯ ತುದಿಗೆ ಹೋಗಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಕಲು ಮಾಡಿ, ಹೊಸ ಫೈಲಿಗೆ ಹಾಕಿ, ಸಾಲುಗಳನ್ನು ಎಣಿಸಿದಳು. ಮೂರು ಸಾವಿರದ ಐನೂರ ಹತ್ತು. ಒಂದೂ ತಪ್ಪಿರಲಿಲ್ಲ. ಡ್ವೇನ್ ಪಕ್ಕದ ಕುರ್ಚಿಯಲ್ಲಿ ಕುಸಿದ.

"ಕಾಫಿ ಯಂತ್ರದ ಪಕ್ಕದ ಡಬ್ಬೀಲಿ ಕೆಂಪು ದೀಪ ಉರೀತಿದೆ, ಡಿಸ್ಕು ಹೋಗಿರಬಹುದು ಅಂತ ಅಕ್ಟೋಬರಲ್ಲೇ ನಿಂಗೆ ಈಮೇಲ್ ಬರ್ದಿದ್ನಲ್ಲ," ಎಂದಳು ತಟ್ಟೆ ಮುಂದೆ ಸರಿಸುತ್ತ. "ಆರು ಸಲ ಬರ್ದೆ. ಆರೂ ಸಲ ಉತ್ತರ ಬಂತು, 'ನೋಡಿದೆ, ಎಲ್ಲ ಕ್ಷೇಮ' ಅಂತ. ಅದೂ ಎರಡೇ ಸೆಕೆಂಡಲ್ಲಿ. ಪಾಪ, ಎಷ್ಟು ಚುರುಕು ಹುಡುಗ ಅಂದ್ಕೊಂಡೆ."

ಆರ್ಲಿಸಳ ಪತ್ರ ಬಂದರೆ ಓದದೆ ಎಸೆದು, ಉತ್ತರ ತಾನಾಗಿಯೇ ಹೋಗಲಿ ಎಂದು ಎರಡು ವರ್ಷದ ಹಿಂದೆ ಬರೆದ ಪುಟ್ಟ ಸ್ಕ್ರಿಪ್ಟು ಡ್ವೇನನಿಗೆ ನೆನಪಾಯಿತು. ಬರೆದ ದಿನ ಅದರ ಬಗ್ಗೆ ತುಂಬ ಹೆಮ್ಮೆಪಟ್ಟಿದ್ದ. ಈಗ ನಾಚಿಕೆಯಿಂದ ಕಿವಿ ಕೆಂಪಾಯಿತು.

"ಆ ಆರು ಪತ್ರ ಇನ್ನೊಂದ್ಸಲ ಕಳಿಸ್ತೀರಾ?" ಎಂದು ಕೇಳಿದ.

"ದೀಪದ್ದು ಆರು. ಒಟ್ಟು ನಲವತ್ತೊಂದಿದೆ," ಎಂದಳು ಆರ್ಲಿಸ್. "ಜೋಡಿಸಿ ಕಳಿಸ್ಲಾ, ಹಾಗೇ ಕಳಿಸ್ಲಾ?"

ಡ್ವೇನ್ ತಲೆ ತಗ್ಗಿಸಿ, ಹಾಗೇ ಕಳಿಸಿ ಎಂದ.