ಹಂಚಿನ ಲಾರಿಯ ಲೆಫ್ಟ್ ಔಟ್

ಮಾಲೂರು ತಾಲ್ಲೂಕು ಕಚೇರಿಯ ಎದುರು ಹೊಂಗೆಮರದ ಕೆಳಗೆ ಕೂತು ಅರ್ಜಿ ಬರೆಯುವುದು ನನ್ನ ಕಸುಬು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮಿಕ್ಕ ವಿದ್ಯೆಯೆಲ್ಲ ಹಳೇ ಅರ್ಜಿಗಳನ್ನು ನಕಲು ಮಾಡಿ ಮಾಡಿ ಬಂದದ್ದು. ಪಹಣಿ ತಿದ್ದುಪಡಿ, ವಿಧವಾ ವೇತನ, ಪಂಪ್‌ಸೆಟ್ಟಿನ ಕರೆಂಟು, ಬದುವಿನ ಜಗಳ, ಯಾವುದಕ್ಕೆ ಯಾವ ಮಾತು ಹಾಕಿದರೆ ಸಾಹೇಬರು ಕಣ್ಣೆತ್ತಿ ನೋಡುತ್ತಾರೆ ಅನ್ನುವುದು ನನಗೆ ಗೊತ್ತು. ಈಗ ಹೇಳಹೊರಟಿರುವುದು ಎಪ್ಪತ್ತೊಂಬತ್ತರಲ್ಲಿ ಬರೆದ ಒಂದು ಅರ್ಜಿಯ ವಿಷಯ. ಅದರ ಕೆಳಗೆ ಯಾರ ಹೆಸರೂ ಇರಲಿಲ್ಲ.

ಆಗ ನಮ್ಮೂರಿನ ಹಂಚಿನ ಕಾರ್ಖಾನೆಗಳಲ್ಲಿ ಕೋದಂಡರಾಮಪ್ಪನವರದಕ್ಕೆ ಒಂದು ಫುಟ್‌ಬಾಲ್ ಟೀಮಿತ್ತು. ಆಡುವವರಿಗೆ ಆಟಕ್ಕೆಂದೇ ಸಂಬಳ. ಬೆಂಗಳೂರಿನಲ್ಲಿ ಗಿರಣಿ-ಕಾರ್ಖಾನೆ ಲೀಗು ಅಂತ ಒಂದು ನಡೆಯುತ್ತಿತ್ತು, ಎಂಟು ಟೀಮು. ನಮ್ಮದು ನಾಲ್ಕು ವರ್ಷದಿಂದ ಎಂಟನೆಯದು. ಆದರೂ ಭಾನುವಾರ ಬಂತೆಂದರೆ ಇಪ್ಪತ್ತು ಮೂವತ್ತು ಜನ ಟ್ರೈನು ಹತ್ತುತ್ತಿದ್ದೆವು. ಸ್ಟೇಷನ್ ಎದುರಿನ ಟೀ ಹೋಟೆಲಿನ ಆಂಜಿನಪ್ಪನಂತೂ ಒಳ್ಳೇ ವ್ಯಾಪಾರದ ದಿವಸವೇ ಬಾಗಿಲು ಹಾಕಿ ಹೊರಡುತ್ತಿದ್ದ. ಹೋಗುವಾಗ ಹೆಂಡತಿಯ ಬೈಗುಳ, ಬರುವಾಗ ಸೋಲು, ಎರಡೂ ಅವನಿಗೆ ಅಭ್ಯಾಸವಾಗಿತ್ತು.

ಕೋದಂಡರಾಮಪ್ಪ ಸಾವ್ಕಾರರ ಜಿಪುಣತನವನ್ನು ಏನೆಂದು ಹೇಳಲಿ? ಹನ್ನೊಂದು ಜನಕ್ಕೆ ಒಂಬತ್ತು ಜೊತೆ ಬೂಟು. ಕೊಳೆ ಕಾಣದಿರಲಿ ಅಂತ ಜೆರ್ಸಿಗೂ ಹಂಚಿನ ಬಣ್ಣ. ಹಾಫ್‌ಟೈಮಿನಲ್ಲಿ ನಿಂಬೆಹಣ್ಣಿನ ಒಂದು ಹೋಳನ್ನು ಇಬ್ಬರು ಮೂವರು ಚೀಪಬೇಕು. ಟೀಮು ಬೆಂಗಳೂರಿಗೆ ಹೋಗುತ್ತಿದ್ದದ್ದೂ ಹಂಚಿನ ಲಾರಿಯಲ್ಲಿ, ಲೋಡಿನ ಮೇಲೆ ಹುಲ್ಲು ಹಾಸಿಕೊಂಡು. ಹೋದವರು ಸುಮ್ಮನೆ ಇಳಿಯುವ ಹಾಗಿಲ್ಲ. ಡಿಪೋದಲ್ಲಿ ಅಷ್ಟೂ ಹಂಚನ್ನು ಕೈಯಿಂದ ಕೈಗೆ ದಾಟಿಸಿ ಇಳಿಸಿ, ಕೆಂಪು ಧೂಳು ಕೊಡವಿಕೊಂಡು, ನೆಟ್ಟಗೆ ಮೈದಾನಕ್ಕೆ ಬರಬೇಕು. ಎದುರು ಟೀಮಿನವರು ಕುಣಿದು ಮೈ ಬಿಸಿ ಮಾಡಿಕೊಳ್ಳುತ್ತಿದ್ದರೆ ನಮ್ಮವರು ಸೊಂಟ ಹಿಡಿದುಕೊಂಡು ನಿಂತಿರುತ್ತಿದ್ದರು. ಒಂದು ದಿನ ಆಂಜಿನಪ್ಪ ತಡೆಯಲಾರದೆ, ಬೂಟಾದರೂ ಕೊಡಿಸಿ ಸ್ವಾಮಿ ಅಂತ ಸಾವ್ಕಾರರನ್ನೇ ಕೇಳಿದ. ಗೆದ್ದರೂ ಸೋತರೂ ಸೋಮವಾರದ ಪೇಪರಿನಲ್ಲಿ ಕಾರ್ಖಾನೆಯ ಹೆಸರು ಬರುತ್ತದಲ್ಲ, ಅಷ್ಟು ಸಾಕು ಅಂತ ಅವರು ನಕ್ಕರಂತೆ. ಲೀಗಿನವರೂ ಹಾಗೇ. ಎಂಟು ಟೀಮಿನ ಪಟ್ಟಿ ಭರ್ತಿಯಾದರೆ ಅವರಿಗಾಯಿತು. ಕೊನೆಗೆ ಬಂದವರನ್ನು ಕೆಳಕ್ಕಿಳಿಸುವ ಪದ್ಧತಿಯೇ ಅಲ್ಲಿರಲಿಲ್ಲ. ಸೋಲಿಗೆ ಯಾರೂ ಹೆದರದ ಆ ಜಾಗದಲ್ಲಿ ನಾವು ಮೂವತ್ತು ಜನ ಗಂಟಲು ಹರಿದುಕೊಳ್ಳುತ್ತಿದ್ದೆವು.

ಆ ವರ್ಷ ಲೆಫ್ಟ್ ಔಟ್, ಅಂದರೆ ಮುಂದಿನ ಸಾಲಿನ ಎಡ ಅಂಚಿನಲ್ಲಿ, ಆಡುತ್ತಿದ್ದ ಎಲ್ಲಪ್ಪನಿಗೆ ಬಸ್ ಡ್ರೈವರ್ ಕೆಲಸ ಸಿಕ್ಕಿ ಅವನು ಹೊರಟುಹೋದ. ಹೊಸಬನ ಹೆಸರು ಸೇರಿಸಬೇಕಾದರೆ ಲೀಗಿಗೆ ಫೀಸು ಕಟ್ಟಬೇಕು. ಸಾವ್ಕಾರರು ಕಟ್ಟಲಿಲ್ಲ. ಹಂಚು ಸುಡುವ ಗೂಡಿನ ಕೆಲಸಕ್ಕಿದ್ದ ಮುನಿಶಾಮಿಯನ್ನು ಎಲ್ಲಪ್ಪನ ಹೆಸರಲ್ಲೇ ಇಳಿಸಿಬಿಟ್ಟರು. ಮುನಿಶಾಮಿ ವೇಮಗಲ್ ಕಡೆಯವನು, ಇಪ್ಪತ್ತಮೂರು ವರ್ಷ, ಓದುಬರಹ ಇಲ್ಲ. ಎಡಗಾಲು ಮಾತ್ರ ಚೆಂಡಿಗೆ ಏನು ಹೇಳಿದರೂ ಚೆಂಡು ಕೇಳುತ್ತಿತ್ತು. ವಾರವಾರ ಆಟಗಾರರ ಪಟ್ಟಿ ಬರೆಯುತ್ತಿದ್ದವನು ನಾನು, ಅಕ್ಷರ ದುಂಡಗಿದೆ ಅಂತ. ಸಾವ್ಕಾರರು ಹೇಳಿದರು, ನಾನು ಎಲ್ಲಪ್ಪ ಎಂದು ಬರೆದೆ. ನಮ್ಮ ಜನಕ್ಕೆಲ್ಲ ವಿಷಯ ಗೊತ್ತು. ಮೈದಾನದಲ್ಲಿ ಎಲ್ಲರೂ ಎಚ್ಚರಿಕೆಯಿಂದ ‘ಎಲ್ಲಪ್ಪಾ’ ಎಂದೇ ಕೂಗುತ್ತಿದ್ದರು, ಅವನೂ ತಿರುಗಿ ಕೈ ಎತ್ತುತ್ತಿದ್ದ.

ಮೂರನೇ ಮ್ಯಾಚಿನಲ್ಲಿ ಅವನು ಎರಡು ಗೋಲು ಹೊಡೆದ. ನಾಲ್ಕು ವರ್ಷದಲ್ಲಿ ನಾವು ಗೆದ್ದ ಎರಡನೇ ಮ್ಯಾಚು ಅದು. ಸೋಮವಾರ ಬೆಳಿಗ್ಗೆ ಪೇಪರು ಹಿಡಿದುಕೊಂಡು ನನ್ನ ಮರದ ಕೆಳಗೆ ಬಂದು ತನ್ನ ಹೆಸರು ಎಲ್ಲಿದೆ ತೋರಿಸಿ ಅಂದ. ‘ಎಲ್ಲಪ್ಪ’ ಅಂತ ಇದ್ದ ಕಡೆ ಬೆರಳಿಟ್ಟೆ. ಅವನು ಆ ಅಕ್ಷರಗಳ ಮೇಲೆ ಉಗುರಿನಿಂದ ಒಂದು ಗೆರೆ ಎಳೆದು, ಅವ್ವನಿಗೆ ತೋರಿಸಬೇಕು ಅಂತ ಮಡಚಿ ಜೇಬಿಗಿಟ್ಟುಕೊಂಡ.

ಆಮೇಲಿನ ಭಾನುವಾರ ಡಿಪೋಗೆ ಎರಡು ಲೋಡು. ಎರಡನ್ನೂ ಇಳಿಸಿ ಬಂದ ನಮ್ಮವರು ಆರು ಗೋಲಿನಿಂದ ಸೋತರು. ಮುನಿಶಾಮಿ ಕಾಲು ಹಿಡಿದುಕೊಂಡು ಗೆರೆಯ ಪಕ್ಕ ಬಿದ್ದಿದ್ದ. ನೀರು ಹಿಡಿದು ಓಡಿ ಬರುವುದಕ್ಕೂ ಟೀಮಿಗೆ ಒಬ್ಬ ಆಳಿರಲಿಲ್ಲ. ವಾಪಸು ಬರುವಾಗ ರೈಲಿನ ತುಂಬ ನಮ್ಮ ಬೈಗುಳವೇ. ಸಾವ್ಕಾರರನ್ನು ಬೈದು, ಲೀಗಿನವರನ್ನು ಬೈದು, ಬೈಯುವುದಕ್ಕೆ ಇನ್ನು ಯಾರೂ ಉಳಿಯಲಿಲ್ಲ ಅನ್ನುವಾಗ ಆಂಜಿನಪ್ಪ ನನ್ನ ಕಡೆ ತಿರುಗಿದ.

“ಊರಿಗೆಲ್ಲ ಅರ್ಜಿ ಬರೀತೀಯ. ಈ ಮುದುಕನ ಮೇಲೊಂದು ಮೂಗರ್ಜಿ ಹಾಕೋಕಾಗಲ್ವೇನ್ಲಾ ನಿನಗೆ?”

ಅವನ ಹೋಟೆಲಿನಲ್ಲೇ ಕೂತು ಬರೆದೆ. ಅಕ್ಷರದ ಗುರುತು ಸಿಗದಿರಲಿ ಅಂತ ಎಡಗೈಯಲ್ಲಿ ಬರೆದೆ. ಬೂಟು, ನಿಂಬೆಹಣ್ಣು, ಹಂಚಿನ ಲೋಡು, ಎಲ್ಲ ಬಂತು. ಇಂಥ ಮಾಲೀಕನಿಂದ ಟೀಮನ್ನು ಬಿಡಿಸಿ ಬೇರೆ ಯಾರಿಗಾದರೂ ವಹಿಸಬೇಕಾಗಿ ಪ್ರಾರ್ಥನೆ, ಅಂತಲೂ ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇಪ್ಪತ್ತು ವರ್ಷದ ಕಸುಬು ಕೈ ಬಿಡಲಿಲ್ಲ. ತಾರೀಕು, ಹೆಸರು, ಒಂದು ಗಟ್ಟಿ ಸಂಗತಿ ಇಲ್ಲದ ಅರ್ಜಿ ಕಸದ ಬುಟ್ಟಿಗೆ ಹೋಗುತ್ತದೆ ಎಂದು ಬಂದವರಿಗೆಲ್ಲ ಪಾಠ ಹೇಳುವವನು ನಾನು. ಫೀಸು ಉಳಿಸುವ ಆಸೆಗೆ ಸದರಿ ಮಾಲೀಕರು ಮುನಿಶಾಮಿ ಎಂಬವನನ್ನು ಎಲ್ಲಪ್ಪನ ಹೆಸರಿನಲ್ಲಿ ಇಂತಿಂಥ ತಾರೀಕು ಆಡಿಸಿರುತ್ತಾರೆ ಅಂತ ಸೇರಿಸಿದೆ. ತಾರೀಕು ನನಗೆ ಬಾಯಿಪಾಠ, ಪಟ್ಟಿ ಬರೆದವನೇ ನಾನಲ್ಲವೇ. ಓದಿ ಹೇಳಿದಾಗ ಆಂಜಿನಪ್ಪ ತೊಡೆ ತಟ್ಟಿಕೊಂಡು ಇನ್ನೊಂದು ಟೀ ಕೊಟ್ಟ. ಅಲ್ಲಿದ್ದ ಒಬ್ಬರಿಗೂ ಮುನಿಶಾಮಿಯ ಯೋಚನೆ ಬರಲಿಲ್ಲ. ನನಗೂ ಬರಲಿಲ್ಲ.

ಹದಿನೈದು ದಿನಕ್ಕೆ ಲೀಗಿನ ಕಾಗದ ಬಂತು. ಸಾವ್ಕಾರರು ತಮಗೇನೂ ಗೊತ್ತಿಲ್ಲ, ಹುಡುಗನೇ ಸುಳ್ಳು ಹೆಸರು ಹೇಳಿ ಮೋಸ ಮಾಡಿದ ಅಂತ ಬರೆದುಕೊಟ್ಟು, ಸಣ್ಣದೊಂದು ದಂಡ ಕಟ್ಟಿ ಕೈ ತೊಳೆದುಕೊಂಡರು. ಮುನಿಶಾಮಿಗೆ ಮೂರು ವರ್ಷ ಆಟ ಬಂದ್. ಆಟದ ಸಂಬಳ ಹೋಯಿತು, ಮೋಸಗಾರನೆಂದು ಗೂಡಿನ ಕೆಲಸವೂ ಹೋಯಿತು. ಮಾರನೇ ದಿನ ಅವನು ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತ.

“ಅಣ್ಣ, ಯಾವನೋ ಬರ್ದವ್ನೆ. ತಾರೀಕು ಸಮೇತ ಬರ್ದವ್ನೆ. ಅದ್ಕೆ ಎದುರಾಗಿ ಒಂದು ಅರ್ಜಿ ಹಾಕ್ಬೇಕು. ನಿಮ್ಮನ್ನ ಬಿಟ್ರೆ ನಂಗೆ ಇನ್ಯಾರವ್ರೆ?”

ಆ ಅರ್ಜಿಯನ್ನು ಬರೆದ ಹಾಗೆ ನಾನು ಮತ್ತೊಂದನ್ನು ಬರೆದಿಲ್ಲ. ಮೂರು ಸಲ ಹರಿದು ನಾಲ್ಕನೇ ಸಲ ಬರೆದೆ. ಕಾಸು ಕೊಡಲು ಬಂದಾಗ ಅವನ ಕೈಯನ್ನು ಹಿಂದಕ್ಕೆ ತಳ್ಳಿದೆ, ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅದನ್ನು ನೋಡಲಾಗದೆ ನಾನೂ ಜೊತೆಗೆ ಬರುತ್ತೇನೆ, ಸಾಕ್ಷಿ ಹೇಳುತ್ತೇನೆ ಅಂದೆ.

ಲೀಗಿನ ಕಚೇರಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೂರು ಜನ ಕೂತಿದ್ದರು. ಪಟ್ಟಿ ಬರೆದದ್ದು ನಾನೇ, ಹೆಸರು ಹೇಳಿ ಬರೆಸಿದ್ದು ಸಾವ್ಕಾರರು, ಈ ಹುಡುಗನಿಗೆ ಓದಲು ಬರುವುದಿಲ್ಲ ಎಂದೆ. ಅದಷ್ಟನ್ನು ಹೇಳುವಾಗ ನನ್ನ ಬಗ್ಗೆ ನನಗೇ ಒಂದಿಷ್ಟು ಹೆಮ್ಮೆಯೂ ಆಯಿತು. ಕಾರ್ಯದರ್ಶಿಗಳು ಮೂಗರ್ಜಿಯನ್ನು ಮೇಜಿನ ಮೇಲಿಟ್ಟು, ಹಾಗಾದರೆ ಇದು ಯಾರದು ನಿಮಗೆ ಗೊತ್ತೇ ಎಂದು ಕೇಳಿದರು. ಸೊಟ್ಟಸೊಟ್ಟ ಅಕ್ಷರ. ಮುನಿಶಾಮಿ ಬಾಗಿಲ ಹತ್ತಿರ ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದ.

“ಗೊತ್ತಿಲ್ಲ ಸಾರ್” ಅಂದೆ.

ಮೂರು ವರ್ಷ ಒಂದು ವರ್ಷಕ್ಕಿಳಿಯಿತು. ಸಾವ್ಕಾರರಿಗೆ ಒಂದು ಎಚ್ಚರಿಕೆಯ ಕಾಗದ. ಕಾರ್ಖಾನೆಯವರು ಅವನನ್ನು ವಾಪಸು ಸೇರಿಸಿಕೊಳ್ಳಲಿಲ್ಲ; ಬೇರೆ ಕಾರ್ಖಾನೆಗಳೂ ಸೇರಿಸಿಕೊಳ್ಳಲಿಲ್ಲ. ಆದರೂ ಮೆಟ್ಟಿಲು ಇಳಿಯುತ್ತ ಅವನು ನನ್ನ ಕಾಲಿಗೆ ಬಗ್ಗಿದ. ಆಮೇಲೆ ಶುರುವಾಯಿತು ನೋಡಿ ನನ್ನ ಶಿಕ್ಷೆ. ತನ್ನೂರಿಗೆ ವಾಪಸು ಹೋದವನು ವಾರಕ್ಕೊಮ್ಮೆ ಯಾರ ಕೈಲಾದರೂ ಅವರೆಕಾಯಿ ಕಳಿಸುತ್ತಿದ್ದ, ಒಂದು ಸಲ ರಾಗಿ ಹಸಿಟ್ಟು, ಒಂದು ಸಲ ಟೊಮೇಟೊ. ಹೆಂಡತಿ ಸಂತೋಷದಿಂದ ಸಾರು ಮಾಡುವಳು. ನನಗೆ ಹೊಟ್ಟೆ ನೋವು ಅಂತ ಒಂದು ನೆಪ ಅಭ್ಯಾಸವಾಯಿತು.

ಸಂಕ್ರಾಂತಿ ಆದ ಮೇಲೆ, ಅವ್ವ ನಿಮ್ಮನ್ನು ನೋಡಬೇಕಂತೆ, ಊಟಕ್ಕೆ ಬರಲೇಬೇಕು ಅಂತ ಹೇಳಿಕಳಿಸಿದ. ಬಸ್ಸು ಹಿಡಿದು ಹೋದೆ. ಊರಿನ ಹಿಂದೆ ಅರ್ಧ ಎಕರೆ ಹಿಪ್ಪುನೇರಳೆ. ನಡುಮನೆಯಲ್ಲಿ ರೇಷ್ಮೆಹುಳುವಿನ ತಟ್ಟೆಗಳು, ಹುಳು ಸೊಪ್ಪು ತಿನ್ನುವ ಸಣ್ಣ ಸದ್ದು. ತಾಯಿ ಅಶ್ವತ್ಥಮ್ಮ ಮುದ್ದೆ ಇಟ್ಟು ಅವರೆಕಾಳಿನ ಸಾರು ಬಿಟ್ಟಳು. ಗೋಡೆಯ ಮೊಳೆಗೆ ಆ ಪೇಪರಿನ ತುಂಡು ಸಿಕ್ಕಿಸಿದ್ದರು. ಮುನಿಶಾಮಿ ಬೆನ್ನು ತೋರಿಸಿಕೊಂಡು ಸೊಪ್ಪು ಕತ್ತರಿಸುತ್ತಿದ್ದ. ಅವಳು ನನ್ನ ಎದುರು ಕೂತು, ಮಗ ಊರಲ್ಲಿ ಆಡಿಕೊಂಡಿದ್ದ ದಿನದಿಂದ ಹಿಡಿದು ಎಲ್ಲ ಹೇಳಿದಳು. ಕೊನೆಗೆ ದನಿ ತಗ್ಗಿಸಿದಳು.

“ಆ ಕಾಗ್ದ ಬರ್ದೋನ ಕೈ ಸೇದೋಗ್ಲಿ ಅಂತ ಮೂರು ದಾರಿ ಸೇರೋ ತಾವ ಮಣ್ಣು ತೂರಿ ಬಂದಿವ್ನಿ ನೈನಾ. ನೀನು ಓದಿದೋನು, ಹೇಳು. ಹೆಸ್ರೇ ಗೊತ್ತಿಲ್ದಿದ್ರೆ ಶಾಪ ತಟ್ಟುತ್ತಾ?”

ಮುದ್ದೆಯೊಳಗಿದ್ದ ನನ್ನ ಕೈ ಅಲ್ಲೇ ನಿಂತಿತು.

“ಅದನ್ನ ಬರೆದೋನು ನಾನೇ ಕಣವ್ವ” ಅಂದೆ.

ಸೊಪ್ಪು ಕತ್ತರಿಸುವ ಸದ್ದು ನಿಂತಿತು. ನಾನು ಏನೇನೋ ಹೇಳಿದೆ. ಸಾವ್ಕಾರರ ಮೇಲಿನ ಕೋಪ, ಆರು ಗೋಲು, ಎರಡು ಲೋಡು, ಅವನು ಗೆರೆಯ ಪಕ್ಕ ಬಿದ್ದಿದ್ದು. ಅವನಿಗೋಸ್ಕರವೇ ಬರೆದೆವು ಅಂತಲೂ ಹೇಳಿದೆ.

“ಸಾವ್ಕಾರ್ರು ನೆಟ್ಟಗವ್ರೆ” ಅಂದ ಮುನಿಶಾಮಿ. ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿದ. “ಎಲ್ಲಪ್ಪ ಅಂತ ಬರ್ದೋರೂ ನೀವೇ, ಮುನಿಶಾಮಿ ಅಂತ ಬರ್ದೋರೂ ನೀವೇ. ಒಂದ್ ಸಲನಾದ್ರೂ ನನ್ನ ಕೇಳಿದ್ರಾ ಅಣ್ಣ?”

“ಇಲ್ಲಪ್ಪ. ಕೇಳಲಿಲ್ಲ.”

ಅವನು ಕುಡುಗೋಲು ತೆಗೆದುಕೊಂಡು ತೋಟದ ಕಡೆ ಹೋದ. ನಾನು ಎಲೆ ಬಿಟ್ಟು ಏಳಲು ಹೋದರೆ ಅಶ್ವತ್ಥಮ್ಮ ಕೈ ಅಡ್ಡ ಹಿಡಿದಳು.

“ನಾನಿಕ್ಕಿದ್ದನ್ನ ಬಿಟ್ಟು ಏಳ್ಬೇಡ. ಉಣ್ಣು.”

ಉಂಡೆ. ನಾನು ಮುಗಿಸುವ ತನಕ ಅವಳು ಬಾಗಿಲಲ್ಲಿ, ಮಗ ಹೋದ ದಿಕ್ಕು ನೋಡಿಕೊಂಡು ಕೂತಿದ್ದಳು. ಆಮೇಲೆ ಕೈ ತೊಳೆಯಲು ಚೊಂಬಿನಲ್ಲಿ ನೀರು ತಂದು ತಾನೇ ಹುಯ್ದಳು. ಆ ಶಾಪ ವಾಪಸು ತೆಗೆದುಕೋ ತಾಯಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೂ ಆ ಮಾತು ಎತ್ತಲಿಲ್ಲ.